ಕಣ್ಣಿಗೆ ಕಾಣದಷ್ಟು ದೂರ

"ನೀನಾ...?"

ರೊಮಾನಾಳ ಗಂಟಲಿನಿಂದ ಅಷ್ಟೇ ಹೊರಟಿತು.

ಮರದ ಸೇತುವೆಯ ಆಚೆ ತುದಿಯಲ್ಲಿ ಅಲ್ವಿನ್ ನಿಂತಿದ್ದ. ಕೆಳಗೆ ಹಿಮನದಿಯಿಂದ ಇಳಿದ ಬೂದು ನೀರು ಮೊರೆಯುತ್ತಿತ್ತು. ನಾಲ್ಕು ವರ್ಷ! ಚರ್ಚಿನಲ್ಲಿ ಮದುವೆಯ ದಿನ ಗೊತ್ತಾಗಿದ್ದರೂ ತನಗೆ ಒಂದು ಮಾತೂ ಹೇಳದೆ ಊರು ಬಿಟ್ಟು ಹೋದವನು...

ಎಷ್ಟು ಸೊರಗಿದ್ದಾನೆ! ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಯಾರಮ್ಮಾ ಅದು?" ಹಿಂದಿನಿಂದ ಅಪ್ಪ ಯೋಡರ್ ಕೇಳಿದರು.

"ಯಾರೋ ಅಪ್ಪ... ನಡೆಯೋಕೆ ಬಂದಿರೋರು."

ಆ ಕಣಿವೆಯ ದಾರಿ ಕಷ್ಟದ್ದೇನಲ್ಲ. ಬೆಳಗಿನ ಬಸ್ಸಿಳಿದು, ಲಾರ್ಚ್ ಮರಗಳ ನಡುವೆ ಹಿಮನದಿಯ ಬುಡದವರೆಗೆ ನಡೆದು, ಬ್ರೆಡ್ಡು ಚೀಸು ತಿಂದು ಸಂಜೆಗೆ ಮರಳುವ ಅಜ್ಜಿಯರೂ ಇದ್ದರು. ಆದರೆ ಯೋಡರ್ ಮನೆಯವರು ನಾಲ್ಕು ವರ್ಷದಿಂದ ಅತ್ತ ಕಾಲಿಟ್ಟಿರಲಿಲ್ಲ. ರೊಮಾನಾಳ ಅಣ್ಣ ಬೆನೆ ಅಲ್ಲೇ ಸತ್ತಿದ್ದ. ಹಿಮನದಿಯ ಬಾಯಿಂದ ಕಳಚಿದ ಮಂಜುಗಡ್ಡೆ ಅವನ ಮೇಲೆ ಬಿದ್ದಿತ್ತು. ಜೊತೆಗಿದ್ದ ಗೆಳೆಯ ಅಲ್ವಿನ್ ಮಾತ್ರ ಬದುಕಿ ಬಂದಿದ್ದ. ಮಣ್ಣು ಮಾಡಿದ ಮಾರನೆಯ ದಿನ ಅವನೂ ಊರಲ್ಲಿರಲಿಲ್ಲ.

ಈಗ ಯೋಡರ್ ಅವರ ದೃಷ್ಟಿ ಮಂಜಾಗುತ್ತಿತ್ತು. "ಪೂರ್ತಿ ಕತ್ತಲಾಗೋ ಮುಂಚೆ ನನ್ನ ಮಗ ಬಿದ್ದ ಜಾಗ ನೋಡ್ಬೇಕು ಕಣೇ," ಎಂದು ಹಟ ಹಿಡಿದು ಬಂದಿದ್ದರು.

ಸೇತುವೆಯ ನಡುವೆ ಒಂದು ಹಲಗೆ ಕೊಚ್ಚಿಹೋಗಿತ್ತು. ಮುದುಕರ ಕೋಲು ಗಾಳಿಯಲ್ಲಿ ತಡಕಾಡಿತು. ಅಲ್ವಿನ್ ಥಟ್ಟನೆ ಬಂದು ಕೈ ಕೊಟ್ಟು ದಾಟಿಸಿದ.

"ಒಳ್ಳೇ ಗಟ್ಟಿ ಕೈಯಪ್ಪಾ! ಯಾವೂರು ನಿಂದು?"

ಅಲ್ವಿನ್ ಬಾಗಿ ಮುದುಕರ ಕೋಲನ್ನು ನೆಲಕ್ಕೆ ಊರಿಸಿದ.

"ಪಾಪ, ನಮ್ಮ ಭಾಷೆ ಬರಲ್ಲ ಅನ್ಸುತ್ತೆ."

ರೊಮಾನಾಗೆ ತಡೆಯಲಾಗಲಿಲ್ಲ. "ಬರುತ್ತೆ ಅಪ್ಪ! ಭಾಷೆನೂ ಬರುತ್ತೆ, ಹೇಳ್ದೆ ಕೇಳ್ದೆ ಓಡಿಹೋಗೋಕೂ ಬರುತ್ತೆ. ಅವನು ಅಲ್ವಿನ್!"

ಅಪ್ಪ ಕೈ ಕೊಡವಿಕೊಳ್ಳುತ್ತಾರೆಂದು ಕಾದಳು. ಅವರು ಇನ್ನೊಂದು ಕೈಯನ್ನೂ ಅವನ ಕೈಮೇಲಿಟ್ಟರು.

"ಕ್ಷಮಿಸಿ ಮಾವ," ಅಲ್ವಿನ್ ತೊದಲಿದ. "ಪ್ರತಿ ವರ್ಷ ಬೆನೆ ಹೋದ ದಿನಕ್ಕೆ ಇಲ್ಲಿಗೆ ಬರ್ತೀನಿ. ಊರೊಳಗೆ ಕಾಲಿಡಲ್ಲ. ನೀವು ಬರ್ತೀರಂತ ಗೊತ್ತಿರಲಿಲ್ಲ... ಈಗಲೇ ಹೊರಟೆ."

"ಊರೊಳಗೆ ಯಾಕೆ ಕಾಲಿಡಲ್ಲ? ಬೇಡ ಅಂದಿದ್ದು ಯಾರು?" ರೊಮಾನಾ ಕೇಳಿದಳು.



"ನಾನು," ಎಂದರು ಯೋಡರ್.

ರೊಮಾನಾಗೆ ಕೇಳಿಸಿತು, ಅರ್ಥವಾಗಲಿಲ್ಲ.

"ಮಣ್ಣು ಮಾಡಿದ ಸಂಜೆ ಇವನು ಬಾಗಿಲಿಗೆ ಬಂದಿದ್ದ. 'ನಿನ್ನ ನೋಡಿದ್ರೆ ಪಕ್ಕದಲ್ಲಿ ನನ್ನ ಮಗನ್ನ ಹುಡುಕ್ತೀನಿ, ನನ್ನ ಕಣ್ಣಿಗೆ ಕಾಣದಷ್ಟು ದೂರ ಹೋಗು' ಅಂದೆ. ರೊಮಾನಾ, ನಿನಗೆ ಹೇಳಕೂಡದು ಅಂತ ಆಣೆನೂ ಹಾಕಿಸ್ಕೊಂಡೆ." ಮುದುಕರು ಅಲ್ವಿನ್ ಕಡೆ ತಿರುಗಿದರು. "ಈಗ ಕಣ್ಣೇ ಹೋಗ್ತಿದೆ... ಇನ್ನೆಷ್ಟು ದೂರ ಹೋಗ್ತೀಯೋ ಮಗನೇ?"

"ಅಪ್ಪಾ! ನಾಲ್ಕು ವರ್ಷ ಇವನಿಗೆ ಶಾಪ ಹಾಕ್ತಿದ್ದೆ... ನೀನು ಎದುರಿಗೇ ಕೂತು ಊಟ ಮಾಡ್ತಿದ್ದೆ!"

"ಕೇಳಿಸ್ಕೊತಿದ್ದೆ ಕಂದಾ. ಬಾಯಿ ಬಿಡೋ ಧೈರ್ಯ ಬರಲಿಲ್ಲ."

ಅವಳು ಇಬ್ಬರನ್ನೂ ಬಿಟ್ಟು ಬಿರಬಿರನೆ ಮುಂದೆ ನಡೆದಳು. ಕಣ್ಣೀರಿನಲ್ಲಿ ದಾರಿಯೇ ಕಾಣುತ್ತಿರಲಿಲ್ಲ.

ಹಿಮನದಿ ಎಷ್ಟೋ ಹಿಂದೆ ಸರಿದಿತ್ತು. ಬೆನೆ ಬಿದ್ದಿದ್ದಲ್ಲಿ ಬರೀ ಕಲ್ಲು, ಕಲ್ಲುಗಳ ನಡುವೆ ಗುಲಾಬಿ ಬಣ್ಣದ ಪುಟ್ಟ ಹೂಗಳು. ಅಲ್ವಿನ್ ಹಿಡಿದು ಕೂರಿಸಿದಾಗ ಯೋಡರ್ ನೆಲವನ್ನು ಮೆಲ್ಲಗೆ ಸವರಿದರು.

"ಅವನಿಗೆ ತುಂಬಾ ನೋವಾಯ್ತೇನೋ?"

"ಇಲ್ಲ ಮಾವ. ನಗ್ತಿದ್ದ. ನೀವು ಗೊರಕೆ ಹೊಡೆಯೋದನ್ನ ಮಾಡಿ ತೋರಿಸ್ತಿದ್ದ..."

"ಪೋಕರಿ!" ಮುದುಕರು ನಕ್ಕರು. ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ದೂರದಲ್ಲಿ ಮುಖ ತಿರುಗಿಸಿ ನಿಂತಿದ್ದ ರೊಮಾನಾ ಓಡಿ ಬಂದು ಅಪ್ಪನನ್ನು ತಬ್ಬಿದಳು. ಅಣ್ಣ ಸತ್ತ ಮೇಲೆ ಅಪ್ಪ ಅತ್ತಿದ್ದನ್ನು ಅವಳು ನೋಡಿದ್ದು ಇದೇ ಮೊದಲು.

ಅಪ್ಪ ಸುಧಾರಿಸಿಕೊಂಡ ಮೇಲೆ ಅವಳು ಅಲ್ವಿನ್ ಬಳಿ ಬಂದಳು.

"ನನ್ನ ನೆನಪೇ ಬರಲಿಲ್ವಾ ನಿನಗೆ?"

"ಅವರಿಗೆ ಮಗ ಹೋಗಿದ್ದ ರೊಮಾನಾ. ಮಗಳನ್ನೂ ಕಿತ್ಕೊಂಡು ಹೋಗೋಕೆ ನನ್ನಿಂದ ಆಗಲಿಲ್ಲ... ನಿಂಗೆ ಮದುವೆ ಆಗಿರುತ್ತೆ ಅಂದ್ಕೊಂಡಿದ್ದೆ."

"ಯಾರನ್ನ ಆಗ್ಲಿ? ಮನಸ್ಸೆಲ್ಲಾ ನಿನಗೆ ಬೈಯೋದ್ರಲ್ಲೇ ಮುಳುಗಿತ್ತಲ್ಲ!"

ಅವನ ಕಣ್ಣು ತುಂಬಿ ಬಂತು.

"ಇನ್ನೂ ಕೋಪ ಇದೆ ನಂಗೆ. ಇಬ್ಬರ ಮೇಲೂ."

"ಇರಲಿ."

"ಅಷ್ಟು ಸುಲಭಕ್ಕೆ ಹೋಗಲ್ಲ."

"ಇರಲಿ... ನಾನು ಹೋಗ್ಲಾ?"

ರೊಮಾನಾ ಅವನ ತೋಳು ಹಿಡಿದಳು. "ಹೋಗು ಅಂದವರ ಮಾತು ನಾಲ್ಕು ವರ್ಷ ನಡೆಸಿದೆ. ಇರು ಅನ್ನೋಳ ಮಾತು ಎಷ್ಟು ದಿನ ನಡೆಸ್ತೀಯ?"

"ನೀನು ಸಾಕು ಅನ್ನೋವರೆಗೂ..."

"ಅನ್ನಲ್ಲ."