ಮುನಿಕೃಷ್ಣನ ತಪ್ಪು ಉತ್ತರಗಳು

ಮೊದಲ ದಿನವೇ ಅವನು ನನ್ನ ಪ್ರಶ್ನೆಯ ಮೇಲೆ ಅನುಮಾನಪಟ್ಟ.

ಕಾಡುಗೋಡಿ ಮೆಟ್ರೋ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಒಂದು ಬೇಕರಿ. ಅದರ ಮೇಲಿನ ಮಹಡಿಯಲ್ಲಿ ನಮ್ಮ ಕೋಚಿಂಗ್ ಸೆಂಟರ್. ಶನಿವಾರ ಮಧ್ಯಾಹ್ನ ಎರಡಕ್ಕೆ, ಎಂಬಿಎ ಪ್ರವೇಶ ಪರೀಕ್ಷೆಗೆ ಓದುವ ಒಂಬತ್ತು ಜನರಿಗೆ ನಾನು ತರ್ಕದ ಪಾಠ ಮಾಡುತ್ತಿದ್ದೆ. ಅವತ್ತು ಬೋರ್ಡಿನ ಮೇಲೆ ಬರೆದಿದ್ದೆ: ಒಂದು ಬಡಾವಣೆಯಲ್ಲಿ ಜಿಮ್ ತೆರೆದರು. ಅದಾದ ಮೇಲೆ ಅಲ್ಲಿನ ಡಾಕ್ಟರ ಬಳಿ ಹೋಗುವವರು ಅರ್ಧಕ್ಕರ್ಧ ಕಡಿಮೆಯಾದರು. ಆದ್ದರಿಂದ ಜಿಮ್‌ನಿಂದ ಜನರ ಆರೋಗ್ಯ ಸುಧಾರಿಸಿದೆ. ಈ ವಾದವನ್ನು ದುರ್ಬಲಗೊಳಿಸಿ.

ಕೊನೆಯ ಬೆಂಚಿನಿಂದ ಒಂದು ಕೈ ಎದ್ದಿತು.

“ಅರ್ಧಕ್ಕರ್ಧ ಅಂತ ಎಣಿಸಿದ್ದು ಯಾರು ಮೇಡಂ? ರಿಜಿಸ್ಟರ್ ನೋಡಿದ್ರಾ?”

ಕ್ಲಾಸೆಲ್ಲ ನಕ್ಕಿತು. ನನಗೆ ರೇಗಿತು. ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡು ದುರುಗುಟ್ಟಿ ನೋಡಿದೆ. ಅವನು ಹುಬ್ಬು ಗಂಟಿಕ್ಕಿಕೊಂಡು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದ.

“ಅದನ್ನ ಅನುಮಾನಿಸೋ ಹಾಗಿಲ್ಲ ಕಣ್ರೀ. ಕೊಟ್ಟಿರೋ ಸಂಗತಿ ನಿಜ ಅಂತಲೇ ಒಪ್ಕೋಬೇಕು. ಅಲ್ಲಿಂದ ತೀರ್ಮಾನಕ್ಕೆ ಹಾರಿದಾರಲ್ಲ, ಆ ಹಾರೋ ಜಾಗದಲ್ಲಿ ಬಿರುಕು ಹುಡುಕಬೇಕು. ಅದೇ ತಿಂಗಳು ಡಾಕ್ಟರು ಕ್ಲಿನಿಕ್ಕನ್ನ ಬೇರೆ ಏರಿಯಾಕ್ಕೆ ಶಿಫ್ಟ್ ಮಾಡಿದ್ರು ಅನ್ನಿ. ಆಗ ಜಿಮ್ಮಿನ ವಾದ ಏನಾಯ್ತು?”

“ಅಂಗೆಲ್ಲ ಸುಮ್ನೆ ಒಪ್ಕೊಂಡ್ರೆ ನಮ್ ಪ್ಲಾಂಟಿನ ಮಾತ್ರೆ ತಿನ್ನೋರ ಗತಿ ಏನು ಮೇಡಂ?”

ಮುನಿಕೃಷ್ಣ ಒಂದು ಔಷಧಿ ಕಂಪನಿಯಲ್ಲಿ ಕ್ವಾಲಿಟಿ ವಿಭಾಗದವನು. ಮಾತ್ರೆಯ ಪರೀಕ್ಷೆಯಲ್ಲಿ ಏನೋ ಹೆಚ್ಚುಕಮ್ಮಿ ಬಂದರೆ ಅವರು ಮೊದಲು ಅನುಮಾನಿಸುವುದು ಅಂಕಿಯನ್ನು. ಸ್ಯಾಂಪಲ್ ತೆಗೆದದ್ದು ಯಾರು, ಯಂತ್ರ ಸರಿಯಿತ್ತಾ, ಬರೆದುಕೊಂಡದ್ದು ಯಾರು. ಆರು ವರ್ಷದ ಆ ಅಭ್ಯಾಸವನ್ನು ಹಾಗೇ ನನ್ನ ಪ್ರಶ್ನೆಪತ್ರಿಕೆಗೆ ಹೊತ್ತು ತಂದಿದ್ದ. ಉಳಿದ ಲೆಕ್ಕ, ಭಾಷೆ ಎಲ್ಲದರಲ್ಲೂ ಚುರುಕು. ವಾದ ದುರ್ಬಲಗೊಳಿಸಿ ಅಂದರೆ ಮಾತ್ರ ವಾರ ವಾರವೂ ಅದೇ ತಪ್ಪು.

ಹಾಗಾಗಿ ಕ್ಲಾಸ್ ಮುಗಿದ ಮೇಲೂ ಉಳಿಯುತ್ತಿದ್ದ. ನಾನು ಬೈಯುವಾಗ ತಲೆ ತಗ್ಗಿಸುತ್ತಿರಲಿಲ್ಲ, ಮುಖವನ್ನೇ ನೋಡುತ್ತಿದ್ದ. ನನ್ನ ಸಿಟ್ಟು ಏರಿದ ಹಾಗೆ ಅವನ ಎಡಗೆನ್ನೆ ಒಂಚೂರು ಮೇಲೇರುತ್ತಿತ್ತು. ನಗು ಹೊರಗೆ ಬೀಳದಂತೆ ಪೆನ್ನಿನ ತುದಿ ಕಚ್ಚುತ್ತಿದ್ದ. ನಾನು ಬೋರ್ಡಿನ ಕಡೆ ತಿರುಗಿ, ಅಳಿಸಿದ್ದನ್ನೇ ಇನ್ನೊಮ್ಮೆ ಅಳಿಸುತ್ತಿದ್ದೆ.

“ಮನೆಗೆ ಹೋಗಲ್ವಾ?” ಎಂದು ಒಮ್ಮೆ ಕೇಳಿದೆ.

“ನಮ್ಮಕ್ಕನ ಮನೆ ಇಲ್ಲೇ ಹಿಂದಿನ ಬೀದೀಲಿ. ಅರ್ಜೆಂಟೇನಿಲ್ಲ.”

ಸರಿ, ಅಕ್ಕನ ಮನೆಯಲ್ಲಿದ್ದಾನೆ, ಹೊತ್ತು ಕಳೆಯಲು ಕೂರುತ್ತಾನೆ ಅಂದುಕೊಂಡೆ. ಅದನ್ನು ಇನ್ನೊಮ್ಮೆ ಪರೀಕ್ಷಿಸಬೇಕು ಅಂತ ನನಗೆ ತೋಚಲೇ ಇಲ್ಲ.

ಆರನೇ ವಾರದಿಂದ ನನ್ನ ನೆಮ್ಮದಿ ಕೆಟ್ಟಿತು. ಗುರುವಾರದವರೆಗೆ ಹೇಗೋ ಇರುತ್ತಿದ್ದೆ. ಶುಕ್ರವಾರ ಸಂಜೆಯಾದರೆ ಅಪಾರ್ಟ್‌ಮೆಂಟಿನ ಬಾಲ್ಕನಿಗೂ ಅಡುಗೆಮನೆಗೂ ಸುಮ್ಮನೆ ತಿರುಗಾಟ. ನಮ್ಮಮ್ಮ ಶಿವಲಿಂಗಮ್ಮ ಗದಗಿನವರು, ಕಣ್ಣು ಚುರುಕು.

“ಯಾಕವಾ ಸೌಮ್ಯಾ, ಕಾಲಾಗ ಚಕ್ರ ಕಟ್ಕೊಂಡವರಂಗ ಅಡ್ಡಾಡಾಕತ್ತೀಯಲ್ಲ?”

“ಏನಿಲ್ಲಮ್ಮ, ಸೆಕೆ.”

ಡಿಸೆಂಬರ್‌ನಲ್ಲಿ ಸೆಕೆ! ಅಮ್ಮ ಒಂದು ಸಲ ಫ್ಯಾನನ್ನು, ಒಂದು ಸಲ ನನ್ನನ್ನು ನೋಡಿದಳು.

ಹತ್ತನೇ ವಾರ ಹುಬ್ಬಳ್ಳಿಯ ಹೊಸ ಶಾಖೆ ನೋಡಿಕೊಳ್ಳಲು ಹೋಗುತ್ತೀರಾ ಎಂದು ಸೆಂಟರಿನವರು ಕೇಳಿದರು. ಈ ಬ್ಯಾಚಿನ ಕೊನೆಯ ಶನಿವಾರ ಸಂಜೆ ಐದರೊಳಗೆ ಉತ್ತರ ಮೇಲ್ ಮಾಡಬೇಕು. ನಿಜ ಹೇಳಬೇಕೆಂದರೆ ನನಗೆ ಹುಬ್ಬಳ್ಳಿ ಬೇಕಾಗಿರಲಿಲ್ಲ. ಆದರೆ ಪ್ರತಿ ಶನಿವಾರ ಒಬ್ಬನಿಗಾಗಿ ಮೆಟ್ಟಿಲ ಕಡೆ ಕಿವಿ ಕೊಟ್ಟು ಕೂರುವುದು ಸಾಕಾಗಿತ್ತು.

ಆದರೂ ಕ್ಲಾಸಿನಲ್ಲಿ ವಿಷಯ ಹೇಳಿದೆ, ಅವನೊಬ್ಬನ ಮುಖ ನೋಡಲಿಕ್ಕಾಗಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುನಿಕೃಷ್ಣ ಪುಸ್ತಕ ಮುಚ್ಚಿದ, ಮತ್ತೆ ತೆರೆದ.

“ಒಳ್ಳೇದಾಯ್ತು ಮೇಡಂ,” ಎಂದ.

ಅವತ್ತು ಕ್ಲಾಸ್ ಮುಗಿದ ಮೇಲೆ ಉಳಿಯಲಿಲ್ಲ. ಮೈಯೆಲ್ಲ ಉರಿದುಹೋಯಿತು. ಇರಿ ಅಂತ ಒಂದು ಮಾತು ಹೇಳಲಿಲ್ಲ. ಆದ್ದರಿಂದ ನಾನು ಇರುವುದು ಅವನಿಗೆ ಬೇಕಾಗಿಲ್ಲ. ವಾದ ಗಟ್ಟಿಯಾಗಿತ್ತು. ‘ಒಪ್ಪಿದ್ದೇನೆ’ ಎಂದು ಮೇಲ್ ಬರೆದು, ಕಳಿಸದೆ ಇಟ್ಟುಕೊಂಡೆ.

ಕೊನೆಯ ಶನಿವಾರ ಅವನು ಬರಲೇ ಇಲ್ಲ. ನಾಲ್ಕಕ್ಕೆ ಕ್ಲಾಸ್ ಮುಗಿಯಿತು, ಎಂಟು ಜನ ಸೆಲ್ಫಿ ತೆಗೆದುಕೊಂಡು ಹೋದರು. ಮಾರ್ಕರಿನ ಮುಚ್ಚಳ ತೆಗೆದೆ, ಹಾಕಿದೆ. ಕಿಟಕಿಗೆ ಹೋದೆ, ಬಂದೆ. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗ ಬಾಗಿಲಿಗೆ ಓಡಿದೆ. ನೋಡಿದರೆ ಸ್ಟೀಲ್ ಡಬ್ಬಿ ಹಿಡಿದ ಒಬ್ಬ ಹೆಂಗಸು.

“ಸೌಮ್ಯಾ ಮೇಡಂ ಅಂದ್ರೆ ನೀವೇನಾ? ನಾನು ವನಜಾ, ಮುನಿ ಅಕ್ಕ. ಚಕ್ಲಿ ತಂದಿದೀನಿ. ಮೇಡಂಗೆ ಕೊಡ್ಲೇಬೇಕು ಅಂತ ನೆನ್ನೆಯಿಂದ ಪ್ರಾಣ ತಿಂದವ್ನೆ. ಅವ್ನಿನ್ನೂ ಬಂದಿಲ್ವಾ?”

“ನಿಮ್ಮನೇಲೇ ಇರ್ತಾರಲ್ವಾ?”

“ನಮ್ಮನೇಲೆಲ್ಲಿ? ಸುರೂನಲ್ಲಿ ಯಾವ್ದೋ ಟ್ರೈನಿಂಗು ಅಂತ ಎರಡು ವಾರ ಇದ್ದ ಅಷ್ಟೇ. ಆಮೇಲೆ ಬೊಮ್ಮಸಂದ್ರಕ್ಕೆ ಹೊಂಟೋದ. ನಮ್ಮ ತವರು ಅಲ್ಲೇ, ಅವ್ನ ಪ್ಲಾಂಟೂ ಅಲ್ಲೇ. ಇವತ್ತು ರಜಾ ದಿನಾನೂ ಕರೆಸ್ಕೊಂಡವ್ರಂತೆ, ಅದಕ್ಕೇ ಲೇಟು.”

“ಮತ್ತೆ ಪ್ರತಿ ಶನಿವಾರ?”

“ಅಲ್ಲಿಂದ್ಲೇ ಬರ್ತಾನೆ. ಹಳದಿ ಲೈನು, ಹಸ್ರು ಲೈನು, ನೇರಳೆ ಲೈನು. ಬರೋಕೇ ಎರಡೂವರೆ ಗಂಟೆ. ದಾರೀಲಿ ಜಯನಗರದಲ್ಲಿ ಇಂಥ ಕ್ಲಾಸು ಬೇಕಾದಷ್ಟಿವೆ ಕಣೋ ಅಂದ್ರೆ, ಅಲ್ಲಿ ಚೆನ್ನಾಗಿ ಬೈಯಲ್ಲ ಅಂತಾನೆ.”

ವನಜಾ ನಗುತ್ತಾ ಡಬ್ಬಿ ಇಟ್ಟು ಹೋದಳು. ನಾನು ಬೆಂಚಿನ ಮೇಲೆ ಕೂತೆ. ಊರಿಗೆಲ್ಲ ಬಿರುಕು ತೋರಿಸುವವಳು, ನನ್ನ ವಾದದ ಬಿರುಕನ್ನೇ ನೋಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

ನಾಲ್ಕು ನಲವತ್ತಕ್ಕೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಅವನು ಬಾಗಿಲಲ್ಲಿ ನಿಂತ. ಹಣೆಯಲ್ಲಿ ಬೆವರು, ಕೊರಳಲ್ಲಿ ಇನ್ನೂ ಪ್ಲಾಂಟಿನ ಗುರುತಿನ ಚೀಟಿ.

“ಮುಗೀತಾ ಮೇಡಂ?”

“ಒಂದು ಪ್ರಶ್ನೆ ಉಳಿದಿದೆ. ಕೂತ್ಕೊಳ್ಳಿ.”

ಬೋರ್ಡಿಗೆ ತಿರುಗಿ ಬರೆದೆ. ಸಾಲು ಓರೆಯಾಗಿ ಕೆಳಗಿಳಿಯಿತು. ಒಬ್ಬ ಟೀಚರ್ ಹುಬ್ಬಳ್ಳಿಗೆ ಹೊರಟಿದ್ದಾಳೆ. ಇಲ್ಲೇ ಇರು ಅಂತ ಅವಳಿಗೆ ಯಾರೂ ಹೇಳಿಲ್ಲ. ಆದ್ದರಿಂದ ಅವಳು ಇರುವುದು ಯಾರಿಗೂ ಬೇಕಾಗಿಲ್ಲ. ಈ ವಾದವನ್ನು ದುರ್ಬಲಗೊಳಿಸಿ.

ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕೆಳಗೆ ಬೇಕರಿಯವರು ಯಾರನ್ನೋ ಕೂಗುತ್ತಿದ್ದರು. ಯಾರೂ ಹೇಳಿಲ್ಲ ಅಂದೋರು ಯಾರು ಮೇಡಂ, ಎಲ್ಲರನ್ನೂ ಕೇಳಿದ್ರಾ ಅಂತ ಇವನು ಈಗಲೂ ಶುರುಮಾಡಿದರೆ ಮಾರ್ಕರ್ ಎಸೆದು ಹೊಡೆಯುವುದೆಂದು ತೀರ್ಮಾನಿಸಿದ್ದೆ.

“ಯಾರೂ ಹೇಳಿಲ್ಲ,” ಅವನು ನಿಧಾನವಾಗಿ ಅಂದ. “ಅದು ನಿಜ. ಅದನ್ನ ಒಪ್ಕೋತೀನಿ.”

ನಾನು ತಿರುಗಿದೆ.

“ಆದ್ರೆ ಹೇಳ್ದೇ ಇರೋರಿಗೆಲ್ಲ ಬೇಡ ಅಂತ ಅರ್ಥ ಅಲ್ಲ. ಒಬ್ಬ ಇದ್ದ. ಅವ್ನಿಗೆ ಆ ಟೀಚರ್ ಅಂದ್ರೆ ಪ್ರಾಣ. ಇಷ್ಟು ದೊಡ್ಡ ಅವಕಾಶ ಬಂದೈತೆ, ನಾನು ಅಡ್ಡ ನಿಲ್ಲಬಾರ್ದು ಅಂತ ‘ಒಳ್ಳೇದಾಯ್ತು’ ಅಂದ್ಬಿಟ್ಟ. ಅವತ್ತು ಮನೆ ತಲುಪೋವರ್ಗೂ ಟ್ರೇನಲ್ಲಿ ನಿಂತೇ ಇದ್ದ, ಸೀಟ್ ಖಾಲಿ ಇದ್ರೂನೂ.”

ಕಣ್ಣು ತುಂಬಿ ಬಂತು. ಅವನ ಮೊದಲ ಸರಿ ಉತ್ತರ.

“ವಾದ ಪೂರ್ತಿ ಬಿದ್ದೋಯ್ತಾ ಮೇಡಂ?”

“ದುರ್ಬಲ ಮಾಡಿದ್ರೆ ಸಾಕು. ಪೂರ್ತಿ ಬೀಳಿಸ್ಬೇಕು ಅಂತೇನಿಲ್ಲ.”

“ಅಂಗಾದ್ರೆ ಹುಬ್ಬಳ್ಳಿಗೆ ಹೋಗಿ. ಎರಡೂವರೆ ಗಂಟೆ ದಾರಿ ಬರ್ತಿದ್ದೋನು ಏಳು ಗಂಟೆ ದಾರಿ ಬರ್ತೀನಿ.”

“ನನಗೆ ಹುಬ್ಬಳ್ಳಿ ಬೇಕು ಅಂತ ನಿಂಗೆ ಯಾರು ಹೇಳಿದ್ದು?”

ಫೋನ್ ತೆಗೆದು, ಬರೆದಿಟ್ಟ ಮೇಲ್ ಅಳಿಸಿ, ‘ಹೋಗಲಾಗುವುದಿಲ್ಲ, ಕ್ಷಮಿಸಿ’ ಎಂದು ಕಳಿಸಿದೆ. ಐದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಡಬ್ಬಿ ತೆರೆದು ಅವನ ಕೈಗೊಂದು ಚಕ್ಕುಲಿ ಕೊಟ್ಟೆ. ಅವನು ಅದನ್ನು ತಿನ್ನದೆ ನನ್ನನ್ನೇ ನೋಡುತ್ತ ನಿಂತ, ಈ ಸಲ ಪೆನ್ನು ಕಚ್ಚದೆ.

ಚೀಲ ಹೆಗಲಿಗೇರಿಸಿ ಅವನ ಜೊತೆ ಸ್ಟೇಷನ್ನಿನವರೆಗೆ ನಡೆದೆ. ಗೇಟಿನ ಬಳಿ ಅವನು ನಿಂತ. ನಾನು ನಿಲ್ಲದೆ ಕಾರ್ಡ್ ತೋರಿಸಿ ಒಳಗೆ ಹೋದೆ.

“ಎಲ್ಲಿಗೆ ಮೇಡಂ?”

“ಬೊಮ್ಮಸಂದ್ರಕ್ಕೆ. ಎರಡೂವರೆ ಗಂಟೆ ಆಗತ್ತೆ ಅಂದ್ರು ನಿಮ್ಮಕ್ಕ. ನಾನೇ ಕೂತು ನೋಡ್ಬೇಕು.”

“ಕೊಟ್ಟಿರೋ ಸಂಗತಿ ಅನುಮಾನಿಸ್ಬಾರ್ದು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?”

“ಅದು ಪರೀಕ್ಷೆಗೆ. ಮತ್ತೆ, ಮೇಡಂ ಅನ್ಬೇಡ.”

ಟ್ರೇನಿನಲ್ಲಿ ಎರಡು ಸೀಟು ಖಾಲಿ ಇದ್ದವು. ಅಮ್ಮನಿಗೆ ಬರುವುದು ತಡವಾಗುತ್ತದೆ ಎಂದು ಮೆಸೇಜ್ ಮಾಡಿ, ಅವನ ಪಕ್ಕದಲ್ಲಿ ಕೂತು, ಗಡಿಯಾರ ನೋಡಿಕೊಂಡೆ.