ಯೂನಿಯನ್ ಸಾಹೇಬರು, ನೆರೆರಾಷ್ಟ್ರದ ಮೇಡಂ

ಕೋಟು ಹಾಕಿಕೊಂಡವನನ್ನು ಕಂಡ ತಕ್ಷಣ ಸಾಹೇಬನೆಂದು ನಂಬಿದ್ದೇ ಔರಿಕಾ ಮಾಡಿದ ತಪ್ಪು.

ರೊಮೇನಿಯಾದ ಯಾಶ್ ನಗರದ ಆ ದೊಡ್ಡ ಹಾಲ್‌ನಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಪ್ರುತ್ ನದಿಯ ಪಡುದಡ ರೊಮೇನಿಯಾ, ಅಂದರೆ ಯುರೋಪಿಯನ್ ಯೂನಿಯನ್. ಮೂಡುದಡ ಮೊಲ್ದೋವಾ, ಅಂದರೆ ಯೂನಿಯನ್ನಿನ ನೆರೆರಾಷ್ಟ್ರ. ಎರಡೂ ದಡದ ಒಂದೊಂದು ಸಂಘ ಜೋಡಿಯಾಗಿ ಬಂದು ಕೇಳಿದರೆ ಮಾತ್ರ ಯೂನಿಯನ್ ಹಣದ ನೆರವು ಕೊಡುತ್ತದೆ. ಹಾಗಾಗಿ ಬಂದವರೆಲ್ಲ ಜೋಡಿ ಹುಡುಕುತ್ತಿದ್ದರು.

"ಸಭೆ ಅಂತ ಕರ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಎಲ್ರೂ ಸಂಬಂಧ ಹುಡುಕೋರ ಥರ ಓಡಾಡ್ತಿದಾರಲ್ಲೇ," ಅಂದಳು ಚಿಕ್ಕಮ್ಮ ಅಗ್ರಿಪಿನಾ.

"ಸುಮ್ನಿರು ಚಿಕ್ಕಮ್ಮ. ಅಲ್ಲಿ ನೋಡು, ಯೂನಿಯನ್ ಕಚೇರಿಯೋರು, ಬ್ರಸೆಲ್ಸ್‌ನೋರು."

ಬೂದು ಬಣ್ಣದ ಕೋಟಿನ ಎತ್ತರದ ಗಂಡಸೊಬ್ಬ ಅವರಿಬ್ಬರ ಮೇಜಿನ ಮುಂದೆ ನಿಂತು, ದಡದ ತುಂಬ ಪ್ಲಾಸ್ಟಿಕ್ ಬಾಟಲಿ ಬಿದ್ದಿರುವ ಫೋಟೋಗಳನ್ನು ನೋಡುತ್ತಿದ್ದ. ಔರಿಕಾ ಮೊಲ್ದೋವಾ ಕಡೆಯ ಒಂದು ಹಳ್ಳಿಯಲ್ಲಿ ಔಷಧಿ ಅಂಗಡಿ ನಡೆಸುವವಳು, ಊರಿನ ಹೆಂಗಸರ ಸಂಘದ ಅಧ್ಯಕ್ಷೆ. ಕನ್ನಡಿಯ ಮುಂದೆ ನಿಂತು ಕಲಿತದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಬೇಸಿಗೆಯಲ್ಲಿ ನದಿ ಹೇಗೆ ಸೊರಗುತ್ತದೆ, ಮೀನಿನ ಬಲೆಗೆ ಬೀಳುವುದು ಏನು, ಮಕ್ಕಳು ಈಜಲು ಇಳಿದು ಗಾಜು ತುಳಿದದ್ದು, ಪಡುದಡದಲ್ಲಿ ಮರಳು ಕಂಪನಿಯವರು ದಡವನ್ನೇ ಕೊರೆಯಲು ಹೊರಟಿರುವುದು, ಎಲ್ಲವನ್ನೂ.

ಅವನು ತಲೆ ಓರೆ ಮಾಡಿ ಕೇಳಿಸಿಕೊಂಡ. ಚಿಕ್ಕಮ್ಮ ಚೀಸ್ ತುಂಬಿದ ಪ್ಲಚಿಂತಾ ರೊಟ್ಟಿಯನ್ನು ಮುಂದೆ ಹಿಡಿದಾಗ ಬೇಡವೆನ್ನದೆ ತಿಂದ. ಇನ್ನೊಂದನ್ನೂ ತಿಂದ.

"ಇನ್ನೆಲ್ಲ ನಿಮ್ಮ ಕೈಲಿದೆ ಸಾರ್," ಅಂದಳು ಔರಿಕಾ.

"ನನ್ನ ಕೈಲಿ ಸದ್ಯಕ್ಕೆ ಪ್ಲಚಿಂತಾ ಮಾತ್ರ ಇದೆ." ಅವನು ತುಟಿಯಂಚಿನ ಚೂರು ಒರೆಸಿಕೊಂಡ. "ನಾನು ಕೊದ್ರಿನ್. ದನದ ಡಾಕ್ಟ್ರು. ನಿಮ್ಮೂರಿನ ಎದುರು ದಡದ ಸಂಘದೋನು."

ಅವಳ ಮುಖಕ್ಕೆ ರಕ್ತ ನುಗ್ಗಿತು. "ಮತ್ತೆ ಈ ಕೋಟು?"

"ತಮ್ಮನ ಮದುವೆಗೆ ಹೊಲಿಸಿದ್ದು."

"ಇಷ್ಟೊತ್ತು ಸುಮ್ನೆ ಕೇಳಿಸ್ಕೊಂಡ್ರಲ್ಲ! ಮೊದಲೇ ಹೇಳೋಕೆ ಏನಾಗಿತ್ತು?"

"ದಿನಾ ನೋಡೋ ನದಿ ಮೇಡಂ. ನೀವು ಹೇಳ್ತಿದ್ರೆ ನಾನು ಅದನ್ನ ನೋಡೇ ಇಲ್ವೇನೋ ಅನ್ನಿಸ್ತು. ನಿಲ್ಲಿಸೋಕೆ ಮನಸ್ಸು ಬರಲಿಲ್ಲ." ಅವನ ಕಣ್ಣುಗಳಲ್ಲಿ ಕುಚೇಷ್ಟೆಯೂ ಇತ್ತು, ನಿಜವೂ ಇತ್ತು. "ಅದೂ ಅಲ್ದೆ ನಾವೇನು ಹೊಸಬರಾ? ನಿಮ್ಮೂರಿನ ನಾಯಿ ಬೊಗಳಿದ್ರೆ ನಮ್ಮೂರಿನ ನಾಯಿ ಉತ್ತರ ಕೊಡುತ್ತೆ. ಅವು ಯಾವಾಗ್ಲೋ ಮಾತುಕತೆ ಶುರು ಮಾಡಿವೆ, ನಾವೇ ತಡ."

ಔರಿಕಾ ನಗಬಾರದೆಂದು ತುಟಿ ಕಚ್ಚಿಕೊಂಡಳು. ಆದರೆ ಚಿಕ್ಕಮ್ಮ ಗಟ್ಟಿಯಾಗಿಯೇ ನಕ್ಕು, "ಸಂಬಂಧ ಕುದುರಿತು, ನಡೀರಿ ಕಾಫಿ ಕುಡಿಯೋಣ," ಅಂದುಬಿಟ್ಟಳು.

*

ಎರಡು ಹಳ್ಳಿಗಳ ನಡುವೆ ಇದ್ದದ್ದು ಕೂಗಿದರೆ ಕೇಳುವಷ್ಟು ನೀರು. ಆದರೆ ಹೋಗಿ ಬರಲು ದೂರದ ಸೇತುವೆಯೇ ಗತಿ. ಅಲ್ಲಿ ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ಕಾಯಬೇಕು. ಎದುರಿಗೇ ಕಾಣುವ ಮನೆಗೆ ಅರ್ಧ ದಿನದ ಪ್ರಯಾಣ.

ಎರಡೂ ಸಂಘ ಜೋಡಿಯಾಗಿ ಕೇಳಿದ ನೆರವು ಮಂಜೂರಾದ ಮೇಲೆ ಕೊದ್ರಿನ್ ಆ ಅರ್ಧ ದಿನವನ್ನು ಲೆಕ್ಕಕ್ಕೇ ಇಡಲಿಲ್ಲ. ಶಾಲೆಯ ಮಕ್ಕಳಿಗೆ ನದಿಯ ಪಾಠವಿದೆ ಎಂದು ಬಂದ. ಕಸದ ಗುಂಡಿ ತೋಡುವುದಿದೆ ಎಂದು ಬಂದ. ಒಮ್ಮೆ, ಚಿಕ್ಕಮ್ಮನ ಮೇಕೆ ಕುಂಟುತ್ತಿದೆಯಂತೆ ಎಂದು ಬಂದ.

"ನಿಮಗೆ ಯಾರು ಹೇಳಿದ್ದು ಕುಂಟುತ್ತೆ ಅಂತ?" ಔರಿಕಾ ಕೇಳಿದಳು.

"ನಮ್ಮ ದಡದಿಂದ ಕಾಣ್ಸುತ್ತೆ."

"ಮೇಕೆ ಕಾಲು?"

"ಮೇಕೇನೂ ಕಾಣ್ಸುತ್ತೆ," ಅಂದ ಅವನು, ಅವಳ ಕಡೆ ನೋಡದೆ.

ಅವಳು ಅವನನ್ನು 'ಯೂನಿಯನ್ ಸಾಹೇಬ್ರೇ' ಎಂದು ಕರೆದು ಛೇಡಿಸುತ್ತಿದ್ದಳು. ಅವನು 'ಏನಪ್ಪಣೆ ನೆರೆರಾಷ್ಟ್ರದ ಮೇಡಂ' ಅನ್ನುತ್ತಿದ್ದ. ಅಂಗಳದ ಬಾವಿಯ ಬಳಿ ಅವನು ನೀರು ಕುಡಿಯುವಾಗ ಲೋಟದ ಅಂಚಿನ ಮೇಲಿನಿಂದ ಆ ಕಣ್ಣುಗಳು ಅವಳನ್ನು ಹುಡುಕುತ್ತಿದ್ದವು. ಸಿಕ್ಕ ಕೂಡಲೇ ಲೋಟದೊಳಗೆ ಮುಳುಗುತ್ತಿದ್ದವು. ಅವಳು ಹಗ್ಗ ಸುತ್ತುವ ನೆವದಲ್ಲಿ ತಿರುಗಿ ನಿಲ್ಲುತ್ತಿದ್ದಳು. ಆಗಲೇ ಸುತ್ತಿಟ್ಟಿದ್ದ ಹಗ್ಗವನ್ನು ಮತ್ತೆ ಬಿಚ್ಚಿ ಸುತ್ತುತ್ತಿದ್ದಳು.

ಅಕೇಶಿಯಾ ಮರದ ಹೂ ಉದುರಿತು. ಚೆರ್ರಿ ಕೆಂಪಾಯಿತು. ನದಿಯ ಕಡೆ ಅವಳು ನೋಡುವುದು ಜಾಸ್ತಿಯಾಯಿತು. ಎದುರು ದಡದಲ್ಲಿ ಮಣ್ಣು ಮೆತ್ತಿದ ಬಿಳಿ ಕಾರು ನಿಂತಿದ್ದರೆ ಅಂಗಡಿಗೆ ಬಂದ ಕೆಮ್ಮಿನವರಿಗೂ ನಗುತ್ತಲೇ ಔಷಧಿ ಕೊಡುತ್ತಿದ್ದಳು.

"ನೀನು ಹೀಗೆ ನಗ್ತಿದ್ರೆ ಜನ ಕಾಯಿಲೆ ಬೇಕು ಅಂತ ಬರ್ತಾರೆ ನೋಡು," ಎಂದಳು ಚಿಕ್ಕಮ್ಮ.

*

ಸೆಪ್ಟೆಂಬರಿನಲ್ಲಿ ಮುಂದಿನ ಹಂತದ ಸಭೆ. ಮರಳು ಕಂಪನಿಯ ವಿರುದ್ಧ ಎರಡೂ ಸಂಘಗಳು ಒಟ್ಟಿಗೆ ಮನವಿ ಕೊಡುವುದೆಂದು ಮಾತಾಗಿತ್ತು. ಔರಿಕಾ ನೀಲಿ ಫ್ರಾಕ್ ಹಾಕಿಕೊಂಡು, ಬೇಡವೆನಿಸಿ ಬದಲಿಸಿ, ಮತ್ತೆ ಅದನ್ನೇ ಹಾಕಿಕೊಂಡು ಕಾದಳು. ಸೇತುವೆ ದಾಟಿ ಬಂದದ್ದು ಕೊದ್ರಿನ್ ಅಲ್ಲ, ಅವರ ಸಂಘದ ನಿವೃತ್ತ ಮೇಷ್ಟ್ರಮ್ಮ ಸ್ಮರಂದಾ.

"ಇನ್ಮೇಲೆ ಈ ಕೆಲಸ ನಾನು ನೋಡ್ಕೋತೀನಮ್ಮ. ಕೊದ್ರಿನ್ ಜವಾಬ್ದಾರಿ ಬಿಟ್ಟಿದಾನೆ."

"ಯಾಕೆ?"

"ಹಿತಾಸಕ್ತಿ ಸಂಘರ್ಷ." ಮೇಷ್ಟ್ರಮ್ಮ ಕನ್ನಡಕ ಸರಿಮಾಡಿಕೊಂಡರು. "ಅದಕ್ಕಿಂತ ಹೆಚ್ಚು ನಾನು ಹೇಳಬಾರದು. ಬೇಕಾದ್ರೆ ಅವನೇ ಹೇಳಲಿ."

ಹಿಂದಿನ ವಾರವಷ್ಟೇ ಸೇತುವೆ ದಾಟಿ ಹೋಗಿಬಂದ ಊರಿನವರೊಬ್ಬರು ಕೊದ್ರಿನ್ ಮರಳು ಕಂಪನಿಯ ಮ್ಯಾನೇಜರ್ ಮನೆಯಿಂದ ಕೈಕುಲುಕಿ ಹೊರಬರುತ್ತಿದ್ದುದನ್ನು ನೋಡಿದೆ ಎಂದಿದ್ದರು. ಔರಿಕಾ ಆಗ ನಂಬಿರಲಿಲ್ಲ. ಈಗ ನಂಬಿದಳು. ಹಿತಾಸಕ್ತಿಯಂತೆ. ಎಷ್ಟಕ್ಕೆ ಮಾರಿಕೊಂಡನೋ ಅದನ್ನು!

ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಗೂಡಿನಲ್ಲಿಟ್ಟು ಬಾಗಿಲು ಹಾಕಿದಳು. ನೀಲಿ ಫ್ರಾಕನ್ನು ಮಡಚಿ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಕೆಳಗೆ ತುರುಕಿದಳು. ಆ ರಾತ್ರಿ ಎದುರು ದಡದ ನಾಯಿ ಬೊಗಳಿದಾಗ ಕಿಟಕಿ ಮುಚ್ಚಿ, ಅಳು ಬಂದದ್ದಕ್ಕೆ ತನ್ನನ್ನೇ ಬೈದುಕೊಂಡಳು.

*

ನದಿ ಹಬ್ಬದ ಭಾನುವಾರ ಬಂತು. ಬೆಳಗ್ಗೆ ಎರಡೂ ದಡದಲ್ಲಿ ಎರಡೂ ಊರುಗಳು ಒಂದೇ ಹೊತ್ತಿಗೆ ಕಸ ಎತ್ತುವುದು, ಸಂಜೆ ಎರಡೂ ಕಡೆ ಊಟ. ಔರಿಕಾ ಮೆಗಾಫೋನ್ ಹಿಡಿದು ದಡದ ಮೇಲೆ ನಿಂತಿದ್ದಳು. ಎದುರು ದಡದಲ್ಲಿ ಇನ್ನೊಂದು ಮೆಗಾಫೋನ್ ಕರಕರ ಎಂದಿತು.

"ಔರಿಕಾ! ಫೋನ್ ಯಾಕೆ ಎತ್ತಲ್ಲ?"

ಬಗ್ಗಿದ್ದ ಬೆನ್ನುಗಳೆಲ್ಲ ನೆಟ್ಟಗಾದವು.

"ಆ ಟೈರನ್ನ ಎಡಕ್ಕೆ ಎಳೀರಿ," ಎಂದಳು ಅವಳು ತನ್ನ ಕಡೆಯವರಿಗೆ. ಆಮೇಲೆ ನದಿಗೆ ಮುಖ ಮಾಡಿ, "ಎದುರು ದಡದೋರು ಕೆಲಸದ ಮಾತು ಮಾತ್ರ ಆಡಬೇಕಾಗಿ ವಿನಂತಿ!"

"ಕೆಲಸದ ಮಾತೇ!"

"ಮರಳು ಕಂಪನಿಯೋರ ಹತ್ರ ಆಡ್ಕೊಳ್ಳಿ!"

"ಮರಳು ಕಂಪನೀನಾ? ಆ ಮ್ಯಾನೇಜರ್ ಕುದುರೆಗೆ ಹೊಟ್ಟೆನೋವು ಅಂತ ಹೋಗಿದ್ದೆ! ಕುದುರೆ ಏನು ಪಾಪ ಮಾಡಿತ್ತು?"

ಎರಡೂ ದಡದಲ್ಲಿ ನಗೆ ಎದ್ದಿತು. ಔರಿಕಾ ನಗಲಿಲ್ಲ. "ಹಾಗಾದ್ರೆ ಹಿತಾಸಕ್ತಿ ಸಂಘರ್ಷ ಅಂದ್ರೆ ಏನು?"

ಕೊದ್ರಿನ್ ಮೆಗಾಫೋನ್ ಇಳಿಸಿ ಕಾಲಬಳಿಯ ಹುಲ್ಲು ನೋಡುತ್ತ ನಿಂತ. ಸ್ಮರಂದಾ ಮೇಷ್ಟ್ರಮ್ಮ ಅವನ ಪಕ್ಕೆಗೆ ತಿವಿದದ್ದು ಈ ದಡಕ್ಕೂ ಕಾಣಿಸಿತು.

"ನಿಯಮ ಇದೆ," ಅವನ ದನಿ ಒಡೆದು ಬಂತು. "ಜೊತೆಗೆ ಕೆಲಸ ಮಾಡೋ ಎರಡು ಸಂಘದೋರ ನಡುವೆ ನೆಂಟಸ್ತನ ಇದ್ರೆ, ಇಲ್ಲಾ ಮನಸ್ಸಿನ ಸಂಬಂಧ ಇದ್ರೆ, ಮೊದಲೇ ಹೇಳಿಬಿಡಬೇಕು. ನಾಳೆ ಯಾರೂ ನಿಮ್ಮ ಸಂಘದ ಮೇಲೆ ಬೆರಳು ತೋರಿಸಬಾರದು ಅಂತ ಹೇಳಿಬಿಟ್ಟೆ. ಜಾಗಾನೂ ಬಿಟ್ಟೆ."

"ಯಾರಿಗೆ ಹೇಳಿದ್ರಿ?"

"ಬ್ರಸೆಲ್ಸ್‌ಗೆ!"

"ಬ್ರಸೆಲ್ಸ್‌ಗೆ ಹೇಳೋಕೆ ಬಾಯಿತ್ತು, ನನಗೆ ಹೇಳೋಕೆ ಇರಲಿಲ್ವಾ?"

"ಅವರಿಗೆ ಹೇಳೋದು ಸುಲಭ ಔರಿಕಾ! ಅವರು ಬೇಡ ಅಂದ್ರೆ ನನಗೇನೂ ಆಗಲ್ಲ!"

ಔರಿಕಾ ತೋಳಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ಅವಳ ಕೈಯಿಂದ ಮೆಗಾಫೋನ್ ಕಿತ್ತುಕೊಂಡಳು.

"ಡಾಕ್ಟ್ರೇ! ನಮ್ಮ ಹುಡುಗಿ ಅಳ್ತಿದಾಳೆ! ಗಾಬರಿ ಆಗಬೇಡಿ, ಒಳ್ಳೇ ಅಳು!"

"ಚಿಕ್ಕಮ್ಮಾ!"

ಕೊದ್ರಿನ್ ಬೂಟು ಬಿಚ್ಚತೊಡಗಿದ. ಆ ದಡದಲ್ಲಿ ಕಾವಲಿದ್ದ ಗಡಿ ಪೊಲೀಸಿನವನು ಸೀಟಿ ಊದಿದ. "ಡಾಕ್ಟ್ರೇ, ದಯವಿಟ್ಟು ಬೇಡ. ನೀರಿಗಿಳಿದ್ರೆ ನಿಮ್ಮನ್ನ ಹಿಡೀಬೇಕಾಗುತ್ತೆ. ನಮ್ಮ ಹಸು ಮುಂದಿನ ವಾರ ಕರು ಹಾಕೋದಿದೆ."

ಔರಿಕಾ ಮೆಗಾಫೋನ್ ವಾಪಸ್ ಕಿತ್ತುಕೊಂಡು ಕೂಗಿದಳು. ಅವನೂ ಅದೇ ಗಳಿಗೆಯಲ್ಲಿ ಕೂಗಿದ. ಎರಡು ದನಿ ನದಿಯ ಮಧ್ಯೆ ಡಿಕ್ಕಿ ಹೊಡೆದವು. ಇಬ್ಬರೂ ಹೇಳಿದ್ದು ಒಂದೇ: "ಅಲ್ಲೇ ಇರಿ, ನಾನೇ ಬರ್ತೀನಿ!" ಇಬ್ಬರಿಗೂ ಕೇಳಿಸಿದ್ದು ಬರೀ ಗದ್ದಲ.

*

ಚಿಕ್ಕಮ್ಮನ ಹಳೇ ವ್ಯಾನು ಸೇತುವೆಯ ನಡುವೆ ತೆವಳುತ್ತಿದ್ದಾಗ ಎದುರು ಸಾಲಿನಲ್ಲಿ ಮಣ್ಣು ಮೆತ್ತಿದ ಬಿಳಿ ಕಾರು ಬಂದು ನಿಂತಿತು. ಕಿಟಕಿಗೆ ಕಿಟಕಿ.

"ನೀವೆಲ್ಲಿಗೆ?" ಔರಿಕಾ ಕೇಳಿದಳು.

"ನಿಮ್ಮೂರಿಗೆ. ನೀವು?"

"ನಿಮ್ಮೂರಿಗೆ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೆಳಗೆ ಪ್ರುತ್ ಹರಿಯುತ್ತಿತ್ತು, ಮಧ್ಯಾಹ್ನದ ಬಿಸಿಲಿಗೆ ಜೇನಿನ ಬಣ್ಣ. ಅವನ ಹುಬ್ಬಿನ ಮೇಲೆ ಕೆಸರಿನ ಗೆರೆ. ಅವಳು ಕೈ ಚಾಚಿ ಅದನ್ನು ಒರೆಸಿದಳು. ಆ ಕೈಯನ್ನು ಅವನು ಬಿಡಲಿಲ್ಲ.

"ನೀವು ಆ ಕೆಲಸಕ್ಕೆ ವಾಪಸ್ ಬರೋ ಹಾಗಿಲ್ಲ," ಅಂದಳು.

ಅವನ ಮುಖ ಬಾಡಿತು. "ಯಾಕೆ?"

"ನನ್ನ ಕಡೆಯಿಂದ್ಲೂ ಸಂಘರ್ಷ ಇದೆ. ಅಕೇಶಿಯಾ ಹೂ ಬಿಟ್ಟಾಗಿನಿಂದ."

"ಔರಿಕಾ..."

"ಇನ್ನೂ ಎಷ್ಟು ದಿನ ನೀವು, ನೀವು ಅಂತಿರ್ತೀಯ? ಒಂದ್ಸಲ ನೀನು ಅನ್ನು."

"ನೀನು," ಅಂದ ಕೊದ್ರಿನ್. ಮತ್ತೆ, ರುಚಿ ನೋಡುವವನ ಹಾಗೆ ಮೆಲ್ಲಗೆ, "ನೀನು." ಅವಳ ಅಂಗೈಯನ್ನು ತುಟಿಗೆ ಒತ್ತಿಕೊಂಡ.

ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಮೊದಲು ಸಿಟ್ಟಿನಿಂದ, ಆಮೇಲೆ ವಿಷಯ ತಿಳಿದು ಮದುವೆ ದಿಬ್ಬಣದ ಹಾಗೆ. ಸಾಲುಗಳು ಮುಂದೆ ಸರಿದವು. ಸೇತುವೆಯ ಮೇಲೆ ಗಾಡಿ ತಿರುಗಿಸುವಂತಿಲ್ಲ. ಬೆರಳುಗಳು ಬಿಟ್ಟವು. ಅವನು ಅವಳ ದೇಶಕ್ಕೆ ಹೋದ, ಅವಳು ಅವನ ದೇಶಕ್ಕೆ.

ಆ ಸಂಜೆ ಔರಿಕಾ ಅವನಮ್ಮನ ಮನೆಯ ಊಟದ ಮೇಜಿನ ಮುಂದೆ ಕೂತು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅಕ್ಕಿ-ಮಾಂಸದ ಸುರುಳಿಗಳನ್ನು ಬೇಡವೆಂದರೂ ಮತ್ತೆ ಬಡಿಸಿಕೊಂಡು ತಿಂದಳು. ಚಿಕ್ಕಮ್ಮ ಬೀಗಿತಿಯ ಗತ್ತಿನಲ್ಲಿ ವೈನ್ ಕುಡಿಯುತ್ತಿದ್ದಳು. ಊಟವಾದ ಮೇಲೆ ಔರಿಕಾ ದಡಕ್ಕಿಳಿದಳು. ಎದುರಿಗೆ ಅವಳದೇ ಊರು. ಅಂಗಡಿಯ ಹಸಿರು ದೀಪ, ಬಾವಿ, ಬೇಲಿಯ ಮೇಲೆ ಒಣಹಾಕಿದ ಕೆಂಪು ಕಂಬಳಿ. ಇಲ್ಲಿಂದ ಅದು ಇಷ್ಟು ಚಂದವೆಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ, ಅವಳ ಜನರ ನಡುವೆ, ಎತ್ತರದ ಒಬ್ಬ ಗಂಡಸು ಎದ್ದು ನಿಂತು ಮೆಗಾಫೋನ್ ಎತ್ತಿದ.

"ಔರಿಕಾ! ನಿಮ್ಮೋರು ನನ್ನ ಬಿಡ್ತಿಲ್ಲ!"

"ಬಿಡಬೇಡಿ ಅಂತ ಹೇಳು!" ಬರಿಗಂಟಲಲ್ಲೇ ಕೂಗಿದಳು ಅವಳು. "ನಾಳೆ ನಾನು ಬರ್ತೀನಿ! ಈ ಸಲ ನೀನು ಅಲ್ಲೇ ಇರು, ಎಲ್ಲಿಗೂ ಹೊರಡಬೇಡ!"