ಒಂದು ಮಹಾಪ್ರಾಣದ ಜಗಳ

“ಇದನ್ನ ಕಟ್ಟಿದ್ದು ಯಾರು?”

ಏಣಿಯ ಮೇಲೆ ಕೂತು ರಕ್ತನಾಳದ ಚಾವಣಿಗೆ ಕೆಂಪು ಬಣ್ಣ ಬಳಿಯುತ್ತಿದ್ದವಳು ಬಗ್ಗಿ ನೋಡಿದಳು. ಕೆಳಗೆ ಒಬ್ಬ ನಿಂತಿದ್ದ. ಅವನ ಬಲಗೈ ಮೊಣಕೈವರೆಗೂ ಅವಳ ಗೋಡೆಯೊಳಗೆ ಹೋಗಿತ್ತು. ಸ್ವಂತ ಮನೆಗೆ ಯಾರೋ ಕನ್ನ ಹಾಕಿದ್ದಾರೇನೋ ಅನ್ನುವಷ್ಟು ಸಿಟ್ಟು ಮುಖದಲ್ಲಿ.

“ನಾನು. ಏನಾಗ್ಬೇಕಿತ್ತು?”

“ಉಪ್ಪಿನ ಒಂದು ಕಣ ಕೂಡ ನುಸುಳಬಾರದ ಜಾಗ ಇದು. ಇಲ್ಲಿ ನನ್ನ ಕೈ ಹೋಗ್ತಿದೆ!”

ಯಾರಿವನು, ಬಂದವನೇ ಹೀಗೆ ಮೇಲೆ ಬೀಳೋಕೆ... ಅವಳು ಬ್ರಷ್ ಡಬ್ಬಿಗೆ ಎಸೆದು ಇಳಿದಳು.

ವಿಷಯ ಇಷ್ಟೇ. ಅದೊಂದು ವಿಜ್ಞಾನ ಮ್ಯೂಸಿಯಂ. ಮೆದುಳಿನ ಒಂದು ಪುಟ್ಟ ರಕ್ತನಾಳವನ್ನು ಜನ ಒಳಗೆ ನಡೆದಾಡುವಷ್ಟು ದೊಡ್ಡದಾಗಿ ಕಟ್ಟುತ್ತಿದ್ದರು. ರಕ್ತದಲ್ಲಿ ಏನೇನೋ ಹರಿಯುತ್ತೆ, ವಿಷ, ರೋಗಾಣು, ಔಷಧಿ. ಅದೆಲ್ಲ ಮೆದುಳಿಗೆ ಸೋರದ ಹಾಗೆ ಅಲ್ಲಿನ ರಕ್ತನಾಳದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಗೋಡೆಯಾಗಿ ನಿಂತಿರುತ್ತವೆ. ಆ ಗೋಡೆಯ ಮೇಲೆಯೇ ಸಂಶೋಧನೆ ಮಾಡುವವನು ಇವನು. ಮಾದರಿ ಹೇಗಿರಬೇಕು ಅಂತ ಬರೆದುಕೊಟ್ಟವನೂ ಇವನೇ.

ಅವಳು ಅವನು ಬರೆದ ಹಾಳೆಯನ್ನು ಅವನ ಮೂಗಿನ ಮುಂದೆಯೇ ಹಿಡಿದಳು.

“ಎರಡು ಕೋಶಗಳ ನಡುವೆ ಬಿಗಿ ಸಂದಿ ಇರಬೇಕು ಅಂತ ಬರ್ದಿದೀರ. ಸಂದಿ ಬಿಟ್ಟಿದೀನಿ.”

“ಸಂದಿ ಅಲ್ರೀ. ಸಂದಿ!”

ಎರಡು ಸಲ ಹೇಳಿದ್ದೂ ಒಂದೇ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನು ಎರಡೂ ಕೈಯ ಬೆರಳು ಹೆಣೆದು ತೋರಿಸಿದ. “ಹೀಗೆ! ಜೋಡಣೆ!”

ಆಗ ಹೊಳೆಯಿತು. ಸಂಧಿ! ಈ ಮಹಾಶಯ ಧಕಾರದ ಹೊಟ್ಟೆ ಸೀಳುವುದನ್ನೇ ಮರೆತಿದ್ದ. ಸೀಳಿದ್ದರೆ ಜೋಡಣೆ, ಸೀಳದಿದ್ದರೆ ಕಿಂಡಿ. ಆ ಒಂದು ಸಣ್ಣ ಗೀಟಿಲ್ಲದೆ ಅವಳ ಇಷ್ಟು ದಿನದ ಕೆಲಸ ನೀರುಪಾಲಾಗಿತ್ತು.

ಗೋಡೆ ಅಂದಮೇಲೆ ಕಿಂಡಿ ಇರಲ್ಲ ಅಂತ ತಲೆ ಇರೋರಿಗೆ ಗೊತ್ತಾಗಬೇಕು ಅಂದ ಅವನು. ಬರೆದದ್ದನ್ನ ಒಂದು ಸಲ ಓದಿ ಕೊಡಬೇಕು ಅಂತಲೂ ತಲೆ ಇರೋರಿಗೆ ಗೊತ್ತಿರುತ್ತೆ ಅಂದಳು ಇವಳು. “ಹೀಗೇ ಬರೀತಿದ್ರೆ ಧನ ಕೇಳಿದ ಕಡೆಯೆಲ್ಲ ದನ ಬಂದು ನಿಲ್ಲುತ್ತೆ, ಸಾರ್.”

ಹಿಂದಿದ್ದ ಬಣ್ಣದವರೂ ಬಡಗಿಯೂ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. ಅಲ್ಲಿಂದ ಹೊರಟುಹೋದ.

ಸಂಜೆ ಮ್ಯೂಸಿಯಂ ನಿರ್ದೇಶಕರು ಅವಳನ್ನು ಕರೆಸಿದರು. ಉದ್ಘಾಟನೆಯ ಹೊತ್ತಿಗೆ ಮಾದರಿ ಸರಿಯಾಗಬೇಕು, ಸಾಮಾನು ಹಾಳಾಗಿದ್ದಕ್ಕೆ ಸಮಿತಿಗೆ ಯಾರಾದರೂ ಉತ್ತರ ಕೊಡಬೇಕು, ತಪ್ಪು ನಂದು ಅಂತ ಆ ಸಂಶೋಧನೆಯ ಡಾಕ್ಟ್ರಂತೂ ಹೇಳಿಲ್ಲ. ಹಾಗಾಗಿ ಉದ್ಘಾಟನೆ ಮುಗಿದ ಮೇಲೆ ನೀನು ವಾಪಸ್ ಟಿಕೆಟ್ ಕಿಟಕಿಗೆ ಅಂದರು.

ಟಿಕೆಟ್ ಕಿಟಕಿ... ಶಿಲ್ಪಕಲೆ ಓದಿದವಳು ಆ ಗಾಜಿನ ಹಿಂದೆ ಕೂತು ವರ್ಷಗಟ್ಟಲೆ ಚೀಟಿ ಹರಿದಿದ್ದಳು. ಕಾಡಿ ಬೇಡಿ ಈಗಷ್ಟೇ ವರ್ಕ್‌ಶಾಪ್ ಸೇರಿದ್ದಳು. ಇಲ್ಲಿ ಅವಳಿಗೆ ಒಂದು ಮೇಜಿತ್ತು, ಉಗುರಲ್ಲಿ ಮಣ್ಣಿತ್ತು. ಬೆಳಗ್ಗೆ ಎದ್ದರೆ ಕೆಲಸಕ್ಕೆ ಓಡೋಣ ಅನ್ನಿಸುತ್ತಿತ್ತು. ಅದನ್ನು ಅವನು ಒಂದೇ ಮಾತಲ್ಲಿ ಉಳಿಸಬಹುದಿತ್ತು. ಆ ಒಂದು ಮಾತು ಅವನ ಬಾಯಿಂದ ಬಂದಿರಲಿಲ್ಲ.

ರಾತ್ರಿ ಅಡುಗೆಮನೆಯಲ್ಲಿ ಅಕ್ಕನ ಮುಂದೆ ಅವನಿಗೆ ಹಿಡಿಶಾಪ ಹಾಕಿದಳು. ಅವನ ಸೊಕ್ಕು, ಅವನ ಕನ್ನಡಕ, ಅವನು ನಿಲ್ಲೋ ರೀತಿ, ಯಾವುದನ್ನೂ ಬಿಡಲಿಲ್ಲ. ಅಕ್ಕ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ, ನೋಡೋಕೆ ಹೇಗಿದ್ದಾನೆ ಅಂತ ಕೇಳಿದಳು. ಅಷ್ಟಕ್ಕೇ ಆ ದಿನ ಅಕ್ಕನ ಜೊತೆಗೂ ಮಾತು ಬಿಟ್ಟಳು.

ಮರುದಿನದಿಂದ ಅವನು ಲ್ಯಾಬ್ ಮುಗಿಸಿ ನೇರ ಅಲ್ಲಿಗೇ ಬರತೊಡಗಿದ. ವರ್ಕ್‌ಶಾಪಿನವರು ‘ಗೋಡೆ ಡಾಕ್ಟ್ರು’ ಅಂತ ಹೆಸರಿಟ್ಟರು. ಬಂದವನು ಬೆನ್ನ ಹಿಂದೆ ನಿಂತು, ಅದು ಹಾಗಲ್ಲ, ಇದು ಹೀಗಲ್ಲ ಅಂತ ಪ್ರಾಣ ತಿನ್ನುತ್ತಿದ್ದ. ಒಂದು ದಿನ ಅವಳು ಅಂಟಿಸಿ ಮುಗಿಸಿದ ಇಡೀ ಸಾಲನ್ನು ಕಿತ್ತುಹಾಕಿಸಿದ. ಜೋಡಣೆ ರಕ್ತದ ಕಡೆಗೆ ಇರಬೇಕಂತೆ, ಮೆದುಳಿನ ಕಡೆಗಲ್ಲವಂತೆ. ಅವಳಿಗೆ ಅವನ ತಲೆಯ ಮೇಲೆಯೇ ಅಂಟು ಸುರಿಯಬೇಕು ಅನ್ನಿಸಿತು.

ಆದರೆ ಕೆಲಸ ಕೆಲಸವೇ. ಅವಳು ಕೇಳಿದಳು, ಅವನು ಹೇಳಿದ. ಕೋಶದ ಹೊರಮೈಯಿಂದ ಕ್ಲಾಡಿನ್ ಅನ್ನೋ ಪ್ರೋಟೀನು ಕೈ ಚಾಚುತ್ತೆ. ಪಕ್ಕದ ಕೋಶದಿಂದಲೂ ಅದೇ ಪ್ರೋಟೀನು ಬಂದು ಆ ಕೈ ಹಿಡಿಯುತ್ತೆ. ಆಕ್ಲೂಡಿನ್ ಅನ್ನೋದು ಜೊತೆಗಿರುತ್ತೆ. ಹಿಡಿದ ಕೈ ಕಿತ್ತು ಬರದ ಹಾಗೆ ಇನ್ನೊಂದು ಪ್ರೋಟೀನು ಒಳಗಿನಿಂದ ಕಟ್ಟಿ ಹಾಕಿರುತ್ತೆ. ಇಷ್ಟೂ ಇದ್ದರೇ ಗೋಡೆ. ಕ್ಲಾಡಿನ್ ಸಡಿಲವಾದರೆ ಸಣ್ಣಪುಟ್ಟ ಕಣಗಳು ಒಳಗೆ ನುಗ್ಗುತ್ತವೆ.

“ಒಂದು ಕಡೆ ಕೈ ಮಾಡಿದ್ರೆ ಸಾಲದಾ? ಟೈಮ್ ಇಲ್ಲ.”

“ಸಾಲದು. ಎರಡೂ ಕಡೆಯಿಂದ ಬರ್ಲೇಬೇಕು.”

ನೀವು ಏನೇನೋ ಅಂದುಕೊಳ್ಳಬೇಡಿ. ಆ ಹೊತ್ತಲ್ಲಿ ಇಬ್ಬರ ತಲೆಯಲ್ಲೂ ಪ್ರೋಟೀನು ಬಿಟ್ಟು ಬೇರೇನೂ ಇರಲಿಲ್ಲ. ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಇದ್ದರು.

ಆದರೂ ಒಂದು ಸಂಜೆ ಅವಳು ಕೈ ಒರೆಸಿಕೊಳ್ಳುತ್ತಾ ನಿಂತು ಕೇಳಿದಳು. “ಉಪ್ಪೂ ನುಸುಳಬಾರದು ಅಂತೀರ. ಮೆದುಳಿಗೆ ಸಕ್ಕರೆ ಬೇಕಲ್ಲ, ಅದು ಎಲ್ಲಿಂದ ಹೋಗುತ್ತೆ?”

ಅವನು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಅವನ ವಿದ್ಯಾರ್ಥಿಗಳೂ ತಾವಾಗಿ ಕೇಳದ ಪ್ರಶ್ನೆ ಅದು. ಕೋಶದ ಮೈಯಲ್ಲೇ ಸಕ್ಕರೆಗೆ ಅಂತ ಬೇರೆ ಬಾಗಿಲುಗಳಿವೆ, ಜೋಡಣೆ ಮುಚ್ಚಿರೋದಕ್ಕೇ ಆ ಬಾಗಿಲುಗಳಿಗೆ ಬೆಲೆ ಅಂದ. ಮಾದರಿಯಲ್ಲಿ ಅವನ್ನು ಬಿಟ್ಟೇಬಿಟ್ಟಿದ್ದು ಅವನಿಗೂ ಆಗಲೇ ಹೊಳೆದಿದ್ದು. ಅದನ್ನು ಒಪ್ಪಿಕೊಳ್ಳದೆ, ನಾಳೆ ಬಾಗಿಲು ಮಾಡಿ ಅಂತ ಗುರುಗುಟ್ಟಿ ಹೋದ. ಅವಳು ಬೆಳಗ್ಗೆಯೇ ಮಾಡಿ ಕೂರಿಸಿದಳು, ಹಳದಿ ಬಣ್ಣದವು. ಅವನು ಬಂದು ತುಂಬಾ ಹೊತ್ತು ನೋಡಿ, ಪರವಾಗಿಲ್ಲ ಅಂದ. ಆ ‘ಪರವಾಗಿಲ್ಲ’ ಅವಳಿಗೆ ಯಾಕೆ ಅಷ್ಟು ಹಿತವಾಯಿತೋ... ತನ್ನ ಮೇಲೆಯೇ ಕೋಪ ಬಂತು.

ಉದ್ಘಾಟನೆಗೆ ಮುಂಚಿನ ದಿನ ಆಫೀಸಿನ ಗುಮಾಸ್ತೆ ಅವಳನ್ನು ಕಾರಿಡಾರಿನಲ್ಲಿ ತಡೆದಳು. ಗೋಡೆ ಡಾಕ್ಟ್ರು ಸಾಹೇಬ್ರ ಹತ್ರ ಬಂದು, ಅವಳನ್ನ ಈ ವರ್ಕ್‌ಶಾಪಿಂದ ಬಿಡಿಸಿ ಅಂತ ಕೇಳ್ತಿದ್ರಂತೆ.

ಹಳದಿ ಬಾಗಿಲು ನೋಡಿ ಮೆಚ್ಚಿದವನು ಇವನೇನಾ? ಅವನು ಬರುವವರೆಗೂ ಕಾಯಲಿಲ್ಲ, ಅವನ ಲ್ಯಾಬಿಗೇ ನುಗ್ಗಿದಳು.

ಅವನು ನಿರಾಕರಿಸಲಿಲ್ಲ. ಹೌದು, ಕೇಳಿದೆ ಅಂದ. ನಿಮ್ಮನ್ನ ಕಿಟಕಿಗೆ ಹಾಕ್ತಾರೆ ಅಂತ ಮೊನ್ನೆ ಗೊತ್ತಾಯ್ತು, ಅದಕ್ಕೇ ನಮ್ಮ ಸಂಸ್ಥೆಗೆ ಕಳಿಸಿಕೊಡಿ ಅಂದೆ, ಇಲ್ಲಿ ಮಾದರಿ ಮಾಡೋರು ಬೇಕು, ಒಳ್ಳೇದಕ್ಕೇ ಮಾಡಿದ್ದು ಅಂದ.

“ನನ್ನನ್ನ ಒಂದು ಮಾತು ಕೇಳಿದ್ರಾ?”

ಅವನು ಕನ್ನಡಕ ತೆಗೆದು ಒರೆಸತೊಡಗಿದ.

“ತಪ್ಪು ನಂದು ಅಂತ ನೀವು ಹೇಳಿದ್ದಿದ್ರೆ ನಾನು ಎಲ್ಲಿಗೂ ಹೋಗ್ಬೇಕಿರ್ಲಿಲ್ಲ. ಅದನ್ನ ಹೇಳೋಕೆ ನಿಮಗೆ ಬಾಯಿ ಬರಲ್ಲ. ಅದರ ಬದಲು ನನ್ನನ್ನೇ ಎತ್ತಿ ಬೇರೆ ಕಡೆ ಇಡ್ತೀರಾ? ನಾನೇನು ನಿಮ್ಮ ಮೈಕ್ರೋಸ್ಕೋಪಾ?” ಅವಳು ಬಾಗಿಲ ಕಡೆ ತಿರುಗಿದಳು. “ನೀವಂದ್ರೆ ನಂಗೆ ಆಗಲ್ಲ. ನಾಳೆ ಆದ್ಮೇಲೆ ನಿಮ್ಮ ಮುಖ ತೋರಿಸಬೇಡಿ.”

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಳು. ಕೆಲಸ ಹೋಗುತ್ತೆ ಅಂತ ಅತ್ತಳಾ, ಅವನು ಹೀಗೆ ಮಾಡಿದ ಅಂತ ಅತ್ತಳಾ? ಎರಡಕ್ಕೂ. ಅವನನ್ನು ಅಷ್ಟು ಹಚ್ಚಿಕೊಂಡಿದ್ದೀನಿ ಅಂತ ಅವಳಿಗೆ ಗೊತ್ತಾಗಿದ್ದೇ ಆಗ.

ಅವನ ವಿಷಯವನ್ನೂ ಹೇಳಿಬಿಡುತ್ತೇನೆ. ಅವನ ನಾಲಿಗೆಗೆ ಮಹಾಪ್ರಾಣ ಹೊರಳುತ್ತಿರಲಿಲ್ಲ. ಹುಡುಗನಾಗಿದ್ದಾಗ ಶಾಲೆಯ ವೇದಿಕೆಯಲ್ಲಿ ‘ಬಾಷಣ’ ಶುರು ಮಾಡಿ, ಇಡೀ ಶಾಲೆ ನಕ್ಕು, ಅರ್ಧಕ್ಕೇ ಇಳಿದು ಓಡಿದ್ದ. ಆಮೇಲೆ ಓದಿದ್ದೆಲ್ಲ, ಬರೆದಿದ್ದೆಲ್ಲ ಪರಭಾಷೆಯಲ್ಲಿ. ಮ್ಯೂಸಿಯಂನ ಆ ಹಾಳೆ ಅವನು ದೊಡ್ಡವನಾದ ಮೇಲೆ ನಮ್ಮ ಭಾಷೆಯಲ್ಲಿ ಬರೆದ ಮೊದಲನೆಯದು. ನಗುತ್ತಾರೇನೋ ಅಂತ ಯಾರಿಗೂ ತೋರಿಸದೆ ಕೊಟ್ಟಿದ್ದ. ಅದಕ್ಕಾಗಿ ಒಬ್ಬಳ ಕೆಲಸ ಹೋಗುತ್ತೆ ಅಂತ ಗೊತ್ತಾದ ಮೇಲೂ ತಪ್ಪು ಒಪ್ಪಿಕೊಳ್ಳದೆ ಇದ್ದದ್ದು ಮಾತ್ರ ತಪ್ಪೇ, ನಾನು ಅವನ ಪರ ವಹಿಸಲ್ಲ.

ಮರುದಿನ ಬೆಳಗ್ಗೆ ಸಮಿತಿಯವರು ಸಾಲಾಗಿ ಬಂದರು. ರಕ್ತನಾಳದೊಳಗೆ ನಡೆದಾಡಿದರು, ಹೆಣೆದುಕೊಂಡ ಪ್ರೋಟೀನುಗಳ ಮೇಲೆ ಕೈಯಾಡಿಸಿದರು. ಒಬ್ಬ ಹಿರಿಯರು, ಕೆಲಸವೇನೋ ಚೆನ್ನಾಗಿದೆ, ಮೊದಲ ಸಲ ಹಾಳು ಮಾಡಿದ್ದು ಯಾರು ಅಂತ ಕೇಳಿದರು. ನಿರ್ದೇಶಕರ ಕಣ್ಣು ಅವಳ ಕಡೆ ತಿರುಗಿತು. ಅವಳು ತಲೆ ತಗ್ಗಿಸಿದಳು.

“ನಾನು,” ಅಂದ ಅವನು.

ಎಲ್ಲರೂ ತಿರುಗಿದರು. ಅವನ ಹಣೆ ಬೆವರಿತ್ತು.

“ನಾನು ಬರ್ದಿದ್ದೇ ತಪ್ಪು. ಸಂದಿ ಅಂತ ಬರೆಯೋ ಕಡೆ ಸಂದಿ ಅಂತ ಬರ್ದೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿರಿಯರು ಗೊಳ್ಳೆಂದು ನಕ್ಕರು, ನಿರ್ದೇಶಕರೂ, ಬಾಗಿಲಲ್ಲಿದ್ದ ಬಡಗಿಯೂ. ಅವನು ಓಡಲಿಲ್ಲ. ನಗು ನಿಲ್ಲುವವರೆಗೂ ನಿಂತು, ಕೆಂಪು ಮುಖದಲ್ಲೇ ಮಾತು ಮುಗಿಸಿದ. “ನಂಗೆ ಆ ಅಕ್ಷರ ಬರಲ್ಲ. ಅವರು ನಾನು ಬರೆದ ಹಾಗೇ ಕಟ್ಟಿದ್ರು. ಆಮೇಲೆ ನಾನು ಮರೆತಿದ್ದನ್ನೂ ಸೇರಿಸಿ ಕಟ್ಟಿದ್ರು. ಯಾರನ್ನಾದ್ರೂ ತೆಗೀಬೇಕಂದ್ರೆ ನನ್ನನ್ನ ತೆಗೀರಿ.”

ಅಲ್ಲಿ ನಗದೇ ನಿಂತಿದ್ದವಳು ಅವಳೊಬ್ಬಳೇ. ಇವನು ಇಷ್ಟು ದಿನ ಹೆದರಿದ್ದು ಇದಕ್ಕಾ... ಅವಳ ಕಣ್ಣು ತುಂಬಿತು.

ಹಿರಿಯರು ಕಣ್ಣೊರೆಸಿಕೊಂಡು ನಿರ್ದೇಶಕರಿಗೆ ಹೇಳಿದರು, ಇಂಥ ಕೈಯನ್ನ ಟಿಕೆಟ್ ಹರಿಯೋಕೆ ಕೂರಿಸಬೇಡಿ, ಮುಂದಿನ ಮಾದರಿಯೂ ಇವಳೇ ಮಾಡಲಿ. ನಿರ್ದೇಶಕರು, ನಾನೂ ಅದನ್ನೇ ಅಂದುಕೊಂಡಿದ್ದೆ ಅಂದರು. ಅವರ ಸುಳ್ಳನ್ನು ಯಾರೂ ಎತ್ತಿ ಆಡಲಿಲ್ಲ.

ಜನ ಹೋದ ಮೇಲೆ ಅವನು ದೂರದಲ್ಲೇ ನಿಂತಿದ್ದ. ಮುಖ ತೋರಿಸಬೇಡಿ ಅಂದಿದ್ದಳಲ್ಲ, ನೆಲ ನೋಡುತ್ತಲೇ ಮಾತಾಡಿದ.

“ಕ್ಷಮಿಸಿ. ಮೊದಲೇ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು,” ಅಂದಳು.

“ಇನ್ನೊಂದು ಮಾತಿದೆ. ಈ ಸಲ ಮೊದಲು ನಿಮ್ಮನ್ನೇ ಕೇಳ್ತಿದೀನಿ. ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಮೊದಲ ದಿನ ಅಲ್ಲ, ಅವತ್ತು ಬರೀ ಕೋಪ. ಸಕ್ಕರೆ ಎಲ್ಲಿಂದ ಹೋಗುತ್ತೆ ಅಂತ ಕೇಳಿದ್ರಲ್ಲ, ಆವತ್ತಿನಿಂದ.” ಅವನು ಉಸಿರು ಎಳೆದುಕೊಂಡ. “ಇನ್ನು ನಂಗೆ ಇಲ್ಲಿ ಏನೂ ಕೆಲಸ ಇಲ್ಲ. ಆದ್ರೂ ನಾಳೆ ಬರ್ಲಾ?”

ಬನ್ನಿ ಅಂತ ತಕ್ಷಣ ಹೇಳಿದರೆ ಅವಳಿಗೆ ಅಳು ಬಂದೇಬಿಡುತ್ತಿತ್ತು. ಅವನ ಹತ್ತಿರ ನಡೆದು ಹೋಗಿ ನಿಂತಳು.

“ಸಂಜೆ ಬನ್ನಿ. ಹಗಲು ನಂಗೆ ಕೆಲಸ ಇರುತ್ತೆ.”